ಇಂಗ್ಲಿಷ್ ಮಾಧ್ಯಮದ ದುಃಖ

ನನ್ನ ದುಃಖ ಇವತ್ತು ಪರೀಕ್ಷೆಯಲ್ಲಿ ಪಾಸಾಯಿತು, ಗೆಳೆಯರೇ.

ಆಪ್ತಸಮಾಲೋಚನೆಯ ಎಂ.ಎ. ತರಗತಿಯಲ್ಲಿ ಇವತ್ತು ಇಬ್ಬಿಬ್ಬರ ಅಭ್ಯಾಸ. ಒಬ್ಬರು ತಮ್ಮ ನಿಜವಾದ ನೋವು ಹೇಳಬೇಕು, ಇನ್ನೊಬ್ಬರು ಕೇಳಬೇಕು, ಮೇಡಂ ಪಕ್ಕದಲ್ಲಿ ಕೂತು ಅಂಕ ಹಾಕುತ್ತಾರೆ. ನನ್ನ ಎದುರಿಗೆ ಇದೇ ಮರಾಠಿ ಊರಿನ ಖಡಕಿ ಬಡಾವಣೆಯ ಸವಿತಾ. ಅವಳ ತವರು ಬೆಳಗಾವಿ, ನನ್ನದು ಧಾರವಾಡ.

"ಏನಾಗೇದವಾ, ಸಾವಕಾಶ ಹೇಳು" ಎಂದಳು.

ಅಷ್ಟಕ್ಕೇ ನಾನೂ ನಮ್ಮ ಕಡೆಯ ಕನ್ನಡಕ್ಕೆ ಜಾರಿದೆ. "ಗಂಡ, ಮಗಳು ಇಬ್ರೂ ಮರಾಠಿನ ಮಾತಾಡ್ತಾರ. ಅವ್ವ ಹೋದ ಮ್ಯಾಲ ಮನ್ಯಾಗ ನನ್ನ ಜೋಡಿ ಕನ್ನಡಾ ಮಾತಾಡೋರ ಯಾರೂ ಉಳೀಲಿಲ್ಲ ನೋಡು" ಎಂದೆ.

ಟಕ್ ಟಕ್ ಎಂದು ಪೆನ್ನಿನಿಂದ ಮೇಜು ಕುಟ್ಟಿದ ಸದ್ದು. ಕುಟ್ಟಿದವರು, ನೋವು ಹೇಳುವವರ ಮಾತಿನ ನಡುವೆ ಬಾಯಿ ಹಾಕಬೇಡಿ ಎಂದು ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದ ಮೇಡಂ.

"ಇಂಗ್ಲಿಷ್ ಪ್ಲೀಸ್. ನನಗೆ ಅರ್ಥವಾಗದ್ದಕ್ಕೆ ಅಂಕ ಹೇಗೆ ಹಾಕಲಿ?"

ಕಣ್ಣೊರೆಸಿಕೊಂಡೆ. ಅವ್ವನ ಬಗ್ಗೆ ಇಂಗ್ಲಿಷಿನಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ಅಗಲಿಕೆಯನ್ನು ಒಪ್ಪಿಕೊಂಡಿದ್ದೇನೆ, ಈಗ ಮುಂದೆ ಸಾಗುತ್ತಿದ್ದೇನೆ ಎಂಬ ಪಠ್ಯಪುಸ್ತಕದ ಸಾಲನ್ನು ಗಿಣಿಯಂತೆ ಒಪ್ಪಿಸಿದೆ. ಸವಿತಾ ಕೂಡ ಪುಸ್ತಕದ್ದೇ ಒಂದು ಸಾಲು ಹೇಳಿ, ನನ್ನ ಮುಖ ನೋಡಲಾರದೆ ತಲೆಯಾಡಿಸಿದಳು.

"ನೋಡಿದಿರಾ, ಎಷ್ಟು ಬೇಗ ಸುಧಾರಿಸಿಕೊಂಡರು" ಎಂದು ಮೇಡಂ ಇಡೀ ತರಗತಿಗೆ ನನ್ನನ್ನು ತೋರಿಸಿದರು. ಇಬ್ಬರಿಗೂ ಪೂರ್ತಿ ಅಂಕ.

ಮುಂದಿನ ವಾರ ಮೌನದ ಅಭ್ಯಾಸವಂತೆ. ಯಾವ ಭಾಷೆಯಲ್ಲಿ ಸುಮ್ಮನಿರಬೇಕು ಎಂದು ಈಗಲೇ ಕೇಳಿಟ್ಟುಕೊಳ್ಳಬೇಕು.