ಬುಸ್ಸು ಬಂತು

ಕಳೆದ ವರ್ಷ ಜೂನ್ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ರಾಮನಗರದಲ್ಲಿ ನಮ್ಮ ಕಾರಿನ ಬಾನೆಟ್ ತೆರೆಸಿ ನೋಡಿದ ವಾಹನ ನಿರೀಕ್ಷಕರು, ಏರ್ ಫಿಲ್ಟರ್‌ಗೂ ಇಂಜಿನ್ ಕಡೆ ಹೋಗುವ ರಬ್ಬರ್ ಪೈಪಿಗೂ ನಡುವೆ ಕೆಂಪು, ಹಳದಿ ಪಟ್ಟೆಯ ಮರದ ಉಂಗುರವೊಂದನ್ನು ಕಂಡರು. ಮರುನೋಂದಣಿಯ ಅರ್ಜಿಗೆ ಸಹಿ ಹಾಕದೆ ವಾಪಸ್ ಕೊಟ್ಟರು. ಕಾರಿನ ಹದಿನೈದು ವರ್ಷದ ನೋಂದಣಿ ಮುಗಿಯಲು ಆಗ ಹತ್ತೊಂಬತ್ತು ದಿನ ಉಳಿದಿತ್ತು.

"ಏನ್ರೀ ಇದು, ಬೊಂಬೆನಾ?" ಎಂದು ಅವರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಪಕ್ಕದಲ್ಲಿ ನಿಂತಿದ್ದ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ. ಅವನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು. ಆ ಉಂಗುರವನ್ನು ಮಾಡಿದವನೂ ಅವನೇ.

"ಹಾಲೆಮರ ಸಾರ್. ಅರಗಿನ ಬಣ್ಣ. ಮಕ್ಳು ಬಾಯಿಗಿಟ್ಕೊಂಡ್ರೂ ಏನೂ ಆಗಾಕಿಲ್ಲ."

"ಇದನ್ನ ಬಾಯಿಗಿಟ್ಕೊಂಡಿರೋದು ಇಂಜಿನ್ ಕಣ್ರೀ," ಎಂದರು ನಿರೀಕ್ಷಕರು. "ಏರ್ ಫಿಲ್ಟರಿಗೆ ಕಂಪನಿ ಡಬ್ಬಿ ಹಾಕ್ಸಿ ತನ್ನಿ. ಇಂಜಿನ್ ಹೊಡೀತಿರೋ ಆ ಶಿಳ್ಳೇನೂ ನಿಲ್ಲಿಸ್ಕೊಂಡು ಬನ್ನಿ."

ಕಾರು ನನ್ನ ಹೆಂಡತಿಯದು. ವಿರೂಪಾಕ್ಷಿಪುರದಾಚೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಅವಳು ಗಣಿತದ ಟೀಚರ್. ಆ ಹಳ್ಳಿಗೆ ಬೆಳಗ್ಗೆ ಎರಡು ಬಸ್ಸು. ಮೊದಲನೆಯದರಲ್ಲಿ ಹೋದರೆ ಶಾಲೆಯ ಬೀಗ ತೆಗೆಯುವುದಕ್ಕೆ ಎರಡು ಗಂಟೆ ಮುಂಚೆ ತಲುಪಬೇಕು. ಎರಡನೆಯದರಲ್ಲಿ ಹೋದರೆ ಮೊದಲ ಎರಡು ಪೀರಿಯಡ್ ಮುಗಿದಿರುತ್ತವೆ. ಅದಕ್ಕೇ ಈ ಹಳೇ ಟರ್ಬೊ ಡೀಸೆಲ್ ಕಾರನ್ನು ಅವಳು ಕೊಂಡದ್ದು. ಕಾರು ನಿಂತರೆ ವರ್ಗಾವಣೆ ಕೇಳಬೇಕು, ಹತ್ತನೇ ತರಗತಿಯನ್ನು ನಡುವೆ ಬಿಟ್ಟು ಹೋಗಬೇಕು. ಅವಳು ಇದನ್ನು ಒಂದೇ ಸಲ ಹೇಳಿದಳು. ಹೇಳಿದ ಮೇಲೆ ಮನೆಯಲ್ಲಿ ಯಾರೂ ಕಾರಿನ ವಿಷಯದಲ್ಲಿ ತಮಾಷೆ ಮಾಡಲಿಲ್ಲ, ಬಾಮೈದನೊಬ್ಬನನ್ನು ಬಿಟ್ಟು.

ಎಲ್ಲ ಶುರುವಾದದ್ದು ಅದರ ಹಿಂದಿನ ದೀಪಾವಳಿಯಲ್ಲಿ. ಸಾವನದುರ್ಗಕ್ಕೆ ಗೆಳೆಯರ ಜೊತೆ ಹೋಗಿಬರುತ್ತೇನೆಂದು ಬಾಮೈದ ಕಾರು ಕೇಳಿದ. ಒಂದು ದಿನ ಎಂದವನು ನಾಲ್ಕು ದಿನ ಇಟ್ಟುಕೊಂಡ. ಐದನೇ ದಿನ ಬೆಳಗ್ಗೆ ನಮ್ಮ ಬೀದಿಯ ತುದಿಯಲ್ಲಿ ಯಾರೋ ದೊಡ್ಡ ಲೋಟದಲ್ಲಿ ಉಳಿದ ಮಜ್ಜಿಗೆಯನ್ನು ಸೊರ್ರೆಂದು ಹೀರಿದ ಸದ್ದಾಯಿತು. ಅದು ನಮ್ಮ ಕಾರು.

"ಭಾವ, ಬಾನೆಟ್ ತೆಗ್ದು ನೋಡಿ," ಎಂದ.

ನೋಡಿದೆ. ಕಂಪನಿ ಕೊಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ತಂಬಿಗೆ ಗಾತ್ರದ, ಮುಚ್ಚಳವಿಲ್ಲದ ಫಿಲ್ಟರ್ ಒಂದು ಬಯಲಿಗೇ ಬಾಯಿ ತೆರೆದು ಕೂತಿತ್ತು. ಟರ್ಬೊ ಎಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಫ್ಯಾನು. ಅದರ ಸದ್ದನ್ನೆಲ್ಲ ಆ ಕಪ್ಪು ಡಬ್ಬಿ ಇಷ್ಟು ವರ್ಷ ನುಂಗಿಕೊಂಡಿತ್ತು. ಈಗ ಆಕ್ಸಿಲರೇಟರ್ ಒತ್ತಿದರೆ ಸೊರ್ ಎಂದು ಹೀರುತ್ತಿತ್ತು, ವೇಗ ಹಿಡಿದರೆ ಬುಸುಗುಡುತ್ತಿತ್ತು, ಕಾಲು ತೆಗೆದರೆ ಬೇಸತ್ತವರ ಹಾಗೆ ಒಂದು ನಿಟ್ಟುಸಿರು ಬಿಡುತ್ತಿತ್ತು.

"ಗಾಡಿ ಇಷ್ಟ್ ದಿನ ಮೂಗು ಕಟ್ಕೊಂಡಿತ್ತು ಭಾವ. ಈಗ ಉಸಿರಾಡ್ತೈತೆ. ಪಿಕಪ್ ನೋಡಿ ಬೇಕಾರೆ."

ಪಿಕಪ್ಪಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಇಲ್ಲವೆಂದು ಹೇಳಿದೆ. ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲವೆಂದು ಅವನು ಹೇಳಿದ. ಆ ಫಿಲ್ಟರಿನ ಕತ್ತು ನಮ್ಮ ಪೈಪಿಗಿಂತ ಅಗಲವಾಗಿತ್ತಂತೆ, ಅಂಗಡಿಯಲ್ಲಿ ಸರಿಯಾದ ಜೋಡಣೆ ಸಿಗಲಿಲ್ಲವಂತೆ. ಬೇರೆ ಯಾರಾದರೂ ಆಗಿದ್ದರೆ ಫಿಲ್ಟರನ್ನು ವಾಪಸ್ ಮಾಡುತ್ತಿದ್ದರು. ಇವನು ತನ್ನ ಶೆಡ್ಡಿಗೆ ಹೋಗಿ, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾದ ಉಂಗುರ ಕಡೆದು, ಒಳಗೂ ಹೊರಗೂ ಅರಗು ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟು ತಂದಿದ್ದ.

ಹೆಂಡತಿ ಬೈದಳು. ಆದರೆ ಮರುದಿನ ಶಾಲೆಗೆ ಹೋಗಲೇಬೇಕಿತ್ತು, ಹೋದಳು. ವಾರದೊಳಗೆ ಮಕ್ಕಳು ಹೆಸರಿಟ್ಟರು. ಕಾರು ಊರ ಬಾಗಿಲಿಗೆ ಬರುವ ಮುಂಚೆಯೇ ಶಾಲೆಗೆ ಕೇಳಿಸುತ್ತಿತ್ತಂತೆ. ಕಿಟಕಿಯ ಪಕ್ಕ ಕೂತವರು "ಬುಸ್ಸು ಬಂತು, ಬುಸ್ಸು ಬಂತು!" ಎಂದು ಕೂಗುತ್ತಿದ್ದರಂತೆ. ಇವಳು ಒಳಗೆ ಕಾಲಿಡುವ ಹೊತ್ತಿಗೆ ಎಲ್ಲರೂ ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದರು.

"ಮೊದ್ಲು ನಂಗೆ ಗೊತ್ತಾಗದ ಹಾಗೆ ಒಬ್ಬನಿಗೂ ಹೋಂವರ್ಕ್ ಕಾಪಿ ಹೊಡೆಯೋಕಾಗ್ತಿರಲಿಲ್ಲ," ಎಂದಳು ನನಗೆ. "ಈಗ ಇಡೀ ಕ್ಲಾಸೇ ಹೊಡೆದು ಮುಗಿಸಿರುತ್ತೆ."

ಫೆಬ್ರವರಿಯಲ್ಲಿ ಇನ್ನೊಂದು ಸದ್ದು ಸೇರಿಕೊಂಡಿತು. ಇದು ಬುಸುಗುಡುವುದಲ್ಲ, ತೆಳ್ಳನೆಯ ಶಿಳ್ಳೆ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ, ಯಾರಾದರೂ ಏನಾದರೂ ಆಯಿತು ಎಂದರೆ ಎಷ್ಟು ಹೊತ್ತಿಗೆ, ಎಲ್ಲಿ ಎಂದು ಕೇಳದೆ ಇರಲು ಆಗುವುದಿಲ್ಲ. ಹೆಂಡತಿಯನ್ನು ದಿನವೂ ಕೇಳಿ, ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದುಕೊಂಡೆ. ಮನೆ ಬಿಡುವಾಗ ಇಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಆದ ಮೇಲೆ ಇದೆ. ಸಂಜೆ ವಾಪಸ್ ಹೊರಡುವಾಗ ಇಲ್ಲ, ಮನೆ ಹತ್ತಿರ ಬಂದಾಗ ಇದೆ. ಒಂದು ದಿನವೂ ಇದು ತಪ್ಪಲಿಲ್ಲ. ಬಾಮೈದನಿಗೆ ತೋರಿಸಿದೆ.

"ಟರ್ಬೊ ಅಂದ್ಮೇಲೆ ಶಿಳ್ಳೆ ಹೊಡೀತದೆ ಭಾವ. ಹೊಡೀನಿಲ್ಲ ಅಂದ್ರೆ ಕೇಳಿ," ಎಂದು ಕ್ಯಾಲೆಂಡರ್ ಕಡೆ ತಿರುಗಿಯೂ ನೋಡದೆ ಹೋದ.

ನಿರೀಕ್ಷಕರು ಅರ್ಜಿ ವಾಪಸ್ ಕೊಟ್ಟ ಮರುದಿನ ಕಾರನ್ನು ಕನಕಪುರದ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಕಾರು ಬಿಸಿಯಾಗಿತ್ತು, ಶಿಳ್ಳೆ ಜೋರಾಗಿತ್ತು. ಅವರು ಬಾನೆಟ್ ತೆಗೆಯುವ ಮೊದಲೇ ತೀರ್ಪು ಕೊಟ್ಟರು.

"ಟರ್ಬೊ ಹೋಗೈತೆ ಸಾರ್. ಬಿಚ್ಚಿ ಬೆಂಗ್ಳೂರಿಗೆ ಕಳಿಸ್ಬೇಕು. ಹಳೇ ಗಾಡಿ, ಸಾಮಾನು ಸಿಗೋದು ಲೇಟು. ಒಂದ್ ತಿಂಗ್ಳು ಇಟ್ಕೊಳಿ."

ಒಂದು ತಿಂಗಳು ನಮ್ಮ ಹತ್ತಿರ ಇರಲಿಲ್ಲ. ಹದಿನೆಂಟು ದಿನ ಇತ್ತು. ಬೆಳಗ್ಗೆ ಇರದ ಸದ್ದು ಈಗ ಯಾಕಿದೆ ಎಂದು ಕೇಳಿದೆ. "ಟರ್ಬೊ ಹಂಗೇ ಸಾರ್," ಎಂದರು. ಈ ಎಂಟು ತಿಂಗಳಲ್ಲಿ ನಾನು ಕೇಳಿದ ಯಾವ ಪ್ರಶ್ನೆಗೂ ಇದಕ್ಕಿಂತ ಬೇರೆ ಉತ್ತರ ಯಾರೂ ಕೊಟ್ಟಿರಲಿಲ್ಲ. ಬಿಚ್ಚುವುದು ಬೇಡವೆಂದು ಹೇಳಿ ಕಾರು ವಾಪಸ್ ತಂದೆ.

ಅಂದು ಸಂಜೆ ಹೆಂಡತಿ ವರ್ಗಾವಣೆಯ ಅರ್ಜಿಯನ್ನು ಊಟದ ಟೇಬಲ್ಲಿನ ಮೇಲೆ ಇಟ್ಟುಕೊಂಡು ತಮ್ಮನಿಗೆ ಫೋನ್ ಮಾಡಿದಳು. "ಬಾರೋ ಇಲ್ಲಿ," ಎಂದಷ್ಟೇ ಹೇಳಿದಳು. ಅವನು ಇಪ್ಪತ್ತು ನಿಮಿಷದಲ್ಲಿ ಬಂದ. ಟೇಬಲ್ ಮೇಲಿನ ಕಾಗದ ಓದಿದ. ಹೊರಗೆ ಹೋಗಿ ಬಾನೆಟ್ ಎತ್ತಿದ.

ಇಂಜಿನ್ ಇನ್ನೂ ಬಿಸಿ ಇತ್ತು. ನಾನು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿ ಹಿಡಿದೆ, ಶಿಳ್ಳೆ ಬಂತು. ಅವನು ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟು ನಿಂತ. ಆಮೇಲೆ ಬಟ್ಟೆ ಸುತ್ತಿದ ಕೈಯಿಂದ ತನ್ನ ಉಂಗುರವನ್ನು ಅಮುಕಿದ. ಶಿಳ್ಳೆ ನಿಂತಿತು. ಕೈ ತೆಗೆದ, ಶುರುವಾಯಿತು. ಮತ್ತೆ ಅಮುಕಿದ.

"ಆಫ್ ಮಾಡಿ ಭಾವ."

"ಯಾಕೆ?"

"ಇದು ಟರ್ಬೊ ಅಲ್ಲ. ಪೀಪಿ." ಅವನ ಶೆಡ್ಡಿನಲ್ಲಿ ಮಕ್ಕಳು ಊದುವ ಮರದ ಪೀಪಿಗಳೂ ಆಗುತ್ತವೆ. "ದಿನಾ ಕಡಿಯೋ ಪೀಪಿ ದನಿ ನಂಗೇ ಗೊತ್ತಾಗ್ನಿಲ್ವಲ್ಲ."

ಉಂಗುರ ಬಿಚ್ಚಿ ದೀಪಕ್ಕೆ ಹಿಡಿದ. ಒಂದು ತುದಿಯಿಂದ ಇನ್ನೊಂದು ತುದಿಗೆ ಕೂದಲೆಳೆಯ ಬಿರುಕು. ಇಂಜಿನ್ನಿನ ಕಾವಿಗೆ ಮರ ಒಣಗಿ ಬಿರಿದಿತ್ತು. ತಣ್ಣಗಿದ್ದಾಗ ಅರಗು ಗಟ್ಟಿಯಾಗಿ ಬಿರುಕನ್ನು ಮುಚ್ಚಿಕೊಳ್ಳುತ್ತಿತ್ತು. ಹತ್ತು ಕಿಲೋಮೀಟರ್ ಓಡಿ ಬಿಸಿಯಾದರೆ ಅರಗು ಮೆತ್ತಗಾಗಿ ಬಿರುಕು ಬಾಯಿ ಬಿಡುತ್ತಿತ್ತು, ಟರ್ಬೊ ಆ ಸಂದಿಯಿಂದ ಗಾಳಿ ಎಳೆಯುತ್ತಿತ್ತು. ಕ್ಯಾಲೆಂಡರಿನಲ್ಲಿ ಫೆಬ್ರವರಿಯಿಂದ ಬರೆದಿದ್ದದ್ದು ಇದೇ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸಿಟ್ಟು ಬಂದರೆ ಅವಳಿಗೆ ಶಾಲೆಯ ಕನ್ನಡ ಉಳಿಯುವುದಿಲ್ಲ.

"ಲೇ, ಹದಿನಾರನೇ ವಯಸ್ಸಿಂದ ಬಿಸಿಗೆ ಅರಗು ಕರಗ್ಸಿ ಮರಕ್ಕೆ ಹಚ್ತಾ ಇದೀಯ. ಇಂಜಿನ್ ಬಿಸಿ ಆಯ್ತದೆ ಅಂತ ಹೊಳೀನಿಲ್ವೇನ್ಲಾ ನಿಂಗೆ?"

"ಒಳಕ್ಕೆ ಹಚ್ಚಬಾರ್ದಿತ್ತು ಕಣಕ್ಕ."

"ಒಳಗಡೆ ಯಾರ್ ನೋಡ್ತಾರೆ ಅಂತ ಹಚ್ಚಿದೆ?"

"ಫಿನಿಷಿಂಗ್ ಇರ್ಲಿ ಅಂತ," ಎಂದ, ತೀರ ಸಣ್ಣ ದನಿಯಲ್ಲಿ.

ಇನ್ನು ಉಳಿದದ್ದು ಕಂಪನಿ ಡಬ್ಬಿ. ಎಲ್ಲಿದೆ ಎಂದು ಕೇಳಿದೆ. "ಐತೆ ಭಾವ," ಎಂದ. ಎಲ್ಲಿ ಎಂದು ಮತ್ತೆ ಕೇಳಿದೆ. "ಶೆಡ್ನಲ್ಲೈತೆ." ಬೆಳಗ್ಗೆ ಶೆಡ್ಡಿಗೆ ಹೋದೆವು. ಡಬ್ಬಿ ಅವನು ಮರ ಕಡೆಯುವ ಪಟ್ಟಡಿಯ ಪಕ್ಕದಲ್ಲಿತ್ತು, ಅದರ ತುಂಬ ಬಣ್ಣಬಣ್ಣದ ಅರಗಿನ ಕಡ್ಡಿಗಳು. ಕೈಗೆ ಸುಲಭವಾಗಿ ಸಿಗಲೆಂದು ಡಬ್ಬಿಯ ಒಂದು ಬದಿಯನ್ನು ಅಂಚು ಸಮೇತ ನೀಟಾಗಿ ಕೊಯ್ದಿದ್ದ. ಕೊಯ್ದ ಅಂಚನ್ನೂ ಉಜ್ಜಿ ನುಣುಪು ಮಾಡಿದ್ದ. ನಾನು ಆಚೆ ಬಂದು ನಿಂತೆ.

ಆಮೇಲಿನ ಹನ್ನೆರಡು ದಿನ ಅವನು ಕೆಲಸ ಬಿಟ್ಟು ಗುಜರಿ ಅಂಗಡಿಗಳನ್ನು ಸುತ್ತಿದ. ರಾಮನಗರದಲ್ಲಿ ಸಿಗಲಿಲ್ಲ. ಕನಕಪುರದಲ್ಲಿ ಸಿಕ್ಕಿದ್ದು ಅದೇ ಕಾರಿನ ಪೆಟ್ರೋಲ್ ಮಾಡೆಲ್ಲಿನ ಡಬ್ಬಿ. ಅದರ ಕತ್ತು ಚಿಕ್ಕದು. "ಒಂದ್ ಸಣ್ಣ ರಿಂಗ್ ಕಡ್ದುಬುಟ್ರೆ ಕೂತ್ಕತದೆ ಭಾವ," ಎಂದು ಅಲ್ಲಿಂದಲೇ ಫೋನ್ ಮಾಡಿದ. ನಾನು ಫೋನನ್ನು ಹೆಂಡತಿಗೆ ಕೊಟ್ಟೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಮಾಗಡಿಯಲ್ಲಿ, ಮುಂಭಾಗ ನಜ್ಜುಗುಜ್ಜಾಗಿದ್ದ ಅದೇ ಮಾಡೆಲ್ಲಿನ ಕಾರೊಂದರಲ್ಲಿ ಡಬ್ಬಿ ಮಾತ್ರ ಪೂರ್ತಿಯಾಗಿತ್ತು. ನಾಲ್ಕು ಕ್ಲಿಪ್ಪೂ ಇದ್ದವು. ಹೊಸ ಫಿಲ್ಟರ್ ಹಾಕಿ, ಹಳೇ ಪೈಪ್ ಜೋಡಿಸಿ ಮೂವತ್ತು ಕಿಲೋಮೀಟರ್ ಓಡಿಸಿದೆವು. ಶಿಳ್ಳೆ ಇಲ್ಲ, ಬುಸುಗುಡುವುದೂ ಇಲ್ಲ. ಪಿಕಪ್ ಹೇಗಿದೆ ಎಂದು ಬಾಮೈದನನ್ನು ಕೇಳಿದೆ. ಮೊದಲಿನ ಹಾಗೇ ಇದೆ ಎಂದ.

ನೋಂದಣಿ ಮುಗಿಯಲು ಮೂರು ದಿನ ಇದ್ದಾಗ ಅದೇ ನಿರೀಕ್ಷಕರು ಬಾನೆಟ್ ತೆರೆಸಿದರು. ಬಾಗಿ ನೋಡಿದರು. ಇಂಜಿನ್ ಓಡಿಸಿ ಕೇಳಿದರು.

"ಬೊಂಬೆ ಎಲ್ಲಿ?"

"ಮನೇಲೈತೆ ಸಾರ್," ಎಂದ ಬಾಮೈದ.

ಸಹಿ ಹಾಕಿದರು. ನೋಂದಣಿ ಐದು ವರ್ಷಕ್ಕೆ ನವೀಕರಣವಾಯಿತು. ವರ್ಗಾವಣೆಯ ಅರ್ಜಿಯ ಹಿಂಬದಿಯಲ್ಲಿ ಹೆಂಡತಿ ಹತ್ತನೇ ತರಗತಿಯ ಟೆಸ್ಟಿನ ಪ್ರಶ್ನೆಗಳನ್ನು ಬರೆದುಕೊಂಡಳು.

ಅದರ ಮುಂದಿನ ಸೋಮವಾರ ಬೆಳಗ್ಗೆ ಒಂಬತ್ತು ಹತ್ತಕ್ಕೆ ಅವಳು ಶಾಲೆ ತಲುಪಿದಾಗ, ಗಣಿತದ ಹೋಂವರ್ಕ್ ನಕಲು ಮಾಡುತ್ತಿದ್ದ ಏಳು ಮಕ್ಕಳು ಸಿಕ್ಕಿಬಿದ್ದರು.