ಎಲ್ಲರ ಬಾಯಲ್ಲೂ ಅದೇ ಟಾಕೀಸು

ಅವಳು ಹಲ್ಲು ಕಟ್ಟುವವಳು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂರಿಸಿ, ಹೊಳಪು ಕೊಟ್ಟು ವಾಪಸು ಕಳಿಸುವುದು ಅವಳ ಕೆಲಸ. ಲ್ಯಾಬಿನಲ್ಲಿ ಎಲ್ಲರೂ ಕರೆಯುವುದು ಹಲ್ಲಕ್ಕ ಎಂದೇ. ಹೊರದೇಶದ ಒಂದು ಲ್ಯಾಬು ಅವಳ ಕೈಕೆಲಸದ ಫೋಟೋ ನೋಡಿ ಕೆಲಸ ಕೊಡಲು ಒಪ್ಪಿತ್ತು. ಷರತ್ತು ಒಂದೇ: ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಅವರು ಹೇಳಿದ ದರ್ಜೆ ಬರಬೇಕು. ವರ್ಷ ಮುಗಿಯುವುದರೊಳಗೆ ಬಾರದಿದ್ದರೆ ಜಾಗ ಇನ್ನೊಬ್ಬರ ಪಾಲು.

ಹಾಗಾಗಿ ಬೇಕರಿಯ ಮೇಲಿನ ಮಹಡಿಯ ಕೋಚಿಂಗ್ ಸೆಂಟರ್ ಸೇರಿದಳು. ಕಟ್ಟಡದ ಪ್ರಶ್ನೆ ಬಂದೇ ಬರುತ್ತದೆ ಎಂಬುದು ಅಲ್ಲಿನ ಮೇಷ್ಟರ ನಂಬಿಕೆ. ನಿಮಗಿಷ್ಟವಾದ ಕಟ್ಟಡ ಯಾವುದು, ಹಳೆಯವನ್ನು ಉಳಿಸಬೇಕೋ ಕೆಡವಬೇಕೋ, ಹೀಗೆ. ಉಳಿದವರು ಮಾಲ್, ವಿಮಾನ ನಿಲ್ದಾಣ ಎಂದು ತಡವರಿಸುತ್ತಿದ್ದಾಗ ಹಲ್ಲಕ್ಕ ಎದ್ದು, ತಾನು ಬೆಳೆದ ಟಾಕೀಸಿನ ಬಗ್ಗೆ ಹೇಳಿದಳು.

ಅಪ್ಪ ಅಲ್ಲಿ ಪ್ರೊಜೆಕ್ಟರ್ ಆಪರೇಟರ್. ಸಂಸಾರಕ್ಕೆ ಸಿಕ್ಕಿದ್ದು ಪರದೆಯ ಹಿಂದಿನ ಉದ್ದನೆಯ ಕೋಣೆ. ಸಿನಿಮಾಗಳನ್ನೆಲ್ಲ ಅವಳು ನೋಡಿದ್ದು ಹಿಂದಿನಿಂದಲೇ. ಅವಳ ಪಾಲಿಗೆ ಎಲ್ಲ ನಾಯಕರೂ ಎಡಚರು. ಹೊಡೆದಾಟ ಶುರುವಾದರೆ ಅಮ್ಮ ಕಪಾಟಿನ ಪಾತ್ರೆಗಳನ್ನು ನೆಲಕ್ಕಿಳಿಸುತ್ತಿದ್ದಳು, ಸ್ಪೀಕರಿನ ಅದುರಿಗೆ ಬೀಳಬಾರದೆಂದು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಇದಿಷ್ಟನ್ನೂ ಅವಳು ಮುರುಕು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಮೇಷ್ಟ್ರು ಮೆಚ್ಚಿದರು. ತಿದ್ದಿ ಕೊಡುತ್ತೇನೆಂದು ಬರೆಸಿಕೊಂಡರು. ತಿದ್ದಿಯೂ ಕೊಟ್ಟರು.

ಪರೀಕ್ಷೆಯ ದಿನ ಕಟ್ಟಡದ ಪ್ರಶ್ನೆಯೇ ಬಂತು. ಅವಳು ಖುಷಿಯಿಂದ ಶುರುಮಾಡಿದಳು. ಅಪ್ಪ ಆಪರೇಟರ್ ಎಂದದ್ದೇ ತಡ, ಎದುರಿಗಿದ್ದ ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಎಡಚ ನಾಯಕರ ಮಾತು ಬಂದಾಗ ಗಡಿಯಾರ ನೋಡಿದರು. ಆಮೇಲೆ, ಬಾಯಿಪಾಠ ಬೇಡ, ನಿಮ್ಮದೇ ಮಾತಿನಲ್ಲಿ ಬೇರೆ ಕಟ್ಟಡದ ಬಗ್ಗೆ ಹೇಳಿ ಎಂದರು. ಹಲ್ಲಕ್ಕನ ಬಳಿ ಬೇರೆ ಕಟ್ಟಡವೇ ಇರಲಿಲ್ಲ. ಇದು ನನ್ನದೇ ಮಾತು ಎನ್ನಲು ಬೇಕಾದ ಇಂಗ್ಲಿಷ್ ಕೂಡ ಆ ಹೊತ್ತಿಗೆ ಕೈಕೊಟ್ಟಿತು.

ಹೊರಗೆ ಬೆಂಚಿನ ಮೇಲೆ ಔಷಧಿ ಅಂಗಡಿಯ ಹುಡುಗಿಯೊಬ್ಬಳು ಕೂತಿದ್ದಳು, ಅದೇ ಸೆಂಟರಿನ ಸಂಜೆ ಬ್ಯಾಚಿನವಳು. ಅವಳನ್ನೂ ಅರ್ಧಕ್ಕೇ ತಡೆದಿದ್ದರಂತೆ.

"ಟಾಕೀಸಿಂದೇ ಹೇಳ್ದೆ ಅಕ್ಕ. ನಮ್ ಬ್ಯಾಚಲ್ಲಿ ಎಲ್ರೂ ಅದನ್ನೇ ಉರು ಹೊಡೆದಿದ್ದು."

"ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ?"

"ಟೈರ್ ಅಂಗಡಿ. ಇವತ್ತೊಂದಿನ ಆಪರೇಟರ್ ಮಾಡ್ದೆ."

ಫಲಿತಾಂಶ ನಿರೀಕ್ಷಿಸಿದಂತೆಯೇ ಬಂತು. ಮರುಪರಿಶೀಲನೆಗೆ ಹಾಕಿದ ಅರ್ಜಿಗೆ ಬದಲಾವಣೆ ಇಲ್ಲ ಎಂಬ ಒಂದು ಸಾಲಿನ ಉತ್ತರ. ಕದ್ದವರಿಗೂ ಕಳಕೊಂಡವಳಿಗೂ ಒಂದೇ ಶಿಕ್ಷೆ. ಅಪ್ಪ ಯಾರ ಅಪ್ಪ ಎಂದು ವಿಚಾರಿಸುವುದು ಪರೀಕ್ಷೆಯ ಕೆಲಸವಲ್ಲ.

ಮೇಷ್ಟರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ಒಳ್ಳೆಯ ಉತ್ತರ ನಾಲ್ಕು ಜನಕ್ಕೆ ಉಪಯೋಗವಾಗಬೇಕು, ನೀನು ಹೆಮ್ಮೆಪಡಬೇಕು ಎಂದರು. ಅವಳು ದನಿ ಏರಿಸಲಿಲ್ಲ.

"ಕಟ್ಟಡ ಹಂಚಿದ್ರಿ, ಆಯ್ತು. ಅದರ ಜೊತೆ ನಮ್ಮಪ್ಪನ್ನೂ ಹಂಚಿಬಿಟ್ರಲ್ಲ ಸಾರ್."

ಮುಂದಿನ ಸಲಕ್ಕೆ ವಿಮಾನ ನಿಲ್ದಾಣ ಓದಿಕೋ ಎಂದು ಅವರು ಇನ್ನೊಂದು ಹಾಳೆ ಚಾಚಿದರು. ಅವಳು ಮುಟ್ಟಲಿಲ್ಲ. ಸೆಂಟರಿನ ಮೆಟ್ಟಿಲು ಮತ್ತೆ ಹತ್ತಲೂ ಇಲ್ಲ.

ಮನೆಯಲ್ಲಿ ಅಪ್ಪ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಮಕ್ಕಳಿದ್ದಿದ್ದರೆ ಟಿಕೆಟ್ಟಿಲ್ಲದೆ ಹೌಸ್‌ಫುಲ್ ಆಗ್ತಿತ್ತು ಎಂದರು. ಮಗಳು ನಗಲಿಲ್ಲ. ವರ್ಷ ಮುಗಿಯುವ ಮೊದಲು ಅವಳಿಗೆ ಉಳಿದದ್ದು ಇನ್ನೊಂದೇ ಅವಕಾಶ. ಬಾಯಿಬಿಟ್ಟರೆ ಬರುವ ಏಕೈಕ ಕಟ್ಟಡವನ್ನು ಪರೀಕ್ಷೆಯ ಕೋಣೆಯೊಳಗೆ ಇನ್ನು ಹೇಳುವಂತೆಯೇ ಇರಲಿಲ್ಲ.

ಎರಡನೆಯ ಸಲ ಬೇರೆ ಪರೀಕ್ಷಕರು. ನಿಮಗೆ ಹಿಡಿಸದ ಒಂದು ಕಟ್ಟಡವನ್ನು ವರ್ಣಿಸಿ ಎಂದರು. ಹಲ್ಲಕ್ಕ ಕೋಚಿಂಗ್ ಸೆಂಟರನ್ನು ಹಿಡಿದುಕೊಂಡಳು. ಸಿಟ್ಟಿಗೆ ಕ್ರಿಯಾಪದಗಳು ತಾವಾಗಿಯೇ ಬಂದವು. ಪರೀಕ್ಷಕರು ಬರೆಯುತ್ತಲೇ ಇದ್ದರು. ಸಮಯ ಮುಗಿದ ಮೇಲೂ ಒಂದು ಪ್ರಶ್ನೆ ಕೇಳಿದರು, ಆ ಕಟ್ಟಡ ಕೆಡವಬೇಕೇ ಎಂದು. ಬೇಡ, ಬೋರ್ಡು ಇಳಿಸಿದರೆ ಸಾಕು ಎಂದಳು.

ಬೇಕಾದ ದರ್ಜೆ ಬಂತು. ಸುದ್ದಿ ಹೇಗೋ ತಿಳಿದು ಮೇಷ್ಟ್ರು ಫೋನ್ ಮಾಡಿದರು. ನಮ್ಮ ಸೆಂಟರಿನ ಹೆಸರು ಉಳಿಸಿದೆ ಎಂದು ಹೊಗಳಿದರು. ಸ್ವಲ್ಪ ತಡೆದು, ಈ ಸಲ ಯಾವ ಕಟ್ಟಡ ಬಂತು, ಏನು ಹೇಳಿದೆ, ಮುಂದಿನ ಬ್ಯಾಚಿಗೆ ಬೇಕಾಗುತ್ತದೆ ಎಂದರು.

ಹಲ್ಲಕ್ಕ ಕೈಗವಸು ಕಳಚಿ ಕುರ್ಚಿ ಎಳೆದುಕೊಂಡಳು.

"ಬರ್ಕೊಳ್ಳಿ ಸಾರ್, ನಿಧಾನಕ್ಕೆ ಹೇಳ್ತೀನಿ," ಎಂದಳು. ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಬಿಡಿಸಿ ಹೇಳತೊಡಗಿದಳು: ಈ ಕಟ್ಟಡ ಬೇಕರಿಯ ಮೇಲಿದೆ. ಇದರ ಕಿಟಕಿಗೆ ಒಳಗಿನಿಂದ ಬಣ್ಣ ಬಳಿದಿದ್ದಾರೆ. ಇಲ್ಲಿ ಬಿಳಿ ಬೋರ್ಡಿನ ಮುಂದೆ ನಿಲ್ಲುವವರು ಒಬ್ಬರ ಅಪ್ಪನನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಫೋನಿನ ಆ ಕಡೆ ಪೆನ್ನಿನ ಸದ್ದು ಬೇಕರಿಯ ವಾಕ್ಯದ ತನಕ ಕೇಳುತ್ತಿತ್ತು. ಆಮೇಲೆ ನಿಂತಿತು. ಅವಳು ನಿಲ್ಲಿಸಲಿಲ್ಲ.