ಎತ್ತಿ ಕುಡಿದ ನೀರು

ಬೇಸಿಗೆ ಬಂತೆಂದರೆ ಸಿ.ವಿ. ರಾಮನ್ ನಗರದ ನಮ್ಮ ಫ್ಲ್ಯಾಟಿನ ನಲ್ಲಿಯಲ್ಲಿ ಬರುವುದು ಬರೀ ಬೋರ್‌ವೆಲ್ ನೀರು. ಬೆಳಿಗ್ಗೆ ಮೊದಲ ಚೊಂಬು ಹಿಡಿದರೆ ಉಗುರುಬೆಚ್ಚಗೆ, ತುಕ್ಕು ಹಿಡಿದ ಮೊಳೆಯ ವಾಸನೆ. ಅಕ್ಕಪಕ್ಕದವರು ಮೂಗು ಮುರಿದು ಸೆಕ್ರೆಟರಿಗೆ ಮೆಸೇಜು ಹಾಕುತ್ತಾರೆ. ನಾನು ಹಾಕುವುದಿಲ್ಲ. ಆ ವಾಸನೆಗೆ ನನಗೆ ಇಂಗ್ಲೆಂಡಿನ ಬಾತ್ ಎಂಬ ಊರು ನೆನಪಾಗುತ್ತದೆ. ಆಮೇಲೆ ಅರ್ಧ ದಿನ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ.

ಬಾತ್ ಅಂದರೆ ನಿಮಗೆ ನಗು ಬರಬಹುದು. ನಾನು ಹೊರಟಾಗ ಕೆಳಗಿನ ಮನೆಯವರೂ ನಕ್ಕಿದ್ದರು. "ಯಾವ ಬಾತ್‌ರೀ, ಖಾರಾಬಾತೋ ಕೇಸರಿಬಾತೋ?" ನೆಲದಿಂದ ತಾನಾಗಿ ಉಕ್ಕುವ ಬಿಸಿನೀರಿಗೆ ಹೆಸರಾದ ಊರು ಅದು. ಹಿಂದೆ ರೋಮನ್ನರು ಬಂದು ಆ ನೀರಿಗೆ ಕೊಳ ಕಟ್ಟಿದರು, ಪಕ್ಕದಲ್ಲೇ ದೇವಿಗೆ ಗುಡಿ ಕಟ್ಟಿದರು. ಶತಮಾನಗಳ ನಂತರ ಶ್ರೀಮಂತರು ಕೀಲುನೋವಿಗೆ ಆ ನೀರು ಕುಡಿಯಲು ಬರತೊಡಗಿದರು. ಈಗ ನಮ್ಮಂಥ ಮಂಡಿನೋವಿನವರು ಟಿಕೆಟ್ ತೆಗೆದುಕೊಂಡು ನೋಡಲು ಹೋಗುತ್ತೇವೆ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ಜಯಾ. ಇಂದಿರಾನಗರದ ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ನಮ್ಮಿಬ್ಬರ ಮೇಜು ಪಕ್ಕಪಕ್ಕ. ಅವಳು ಕೆ.ಆರ್. ಪುರಂ ಆಚೆಯ ಹಳ್ಳಿಯವಳು. ಊರಿನವರು ಹೊರಗಿಟ್ಟಿದ್ದ ಕೇರಿಯಲ್ಲಿ ಹುಟ್ಟಿದವಳು. ಅವಳ ಅಪ್ಪನ ಕಾಲದಲ್ಲಿ ಮನೆಯವರೆಲ್ಲ ಬೌದ್ಧರಾಗಿದ್ದರು. ನಾನು ಸ್ಟಾಫ್ ಕಾಲೋನಿಯಲ್ಲಿ, ಮಡಿಯ ಅಮ್ಮನ ಕೈಯಲ್ಲಿ ಬೆಳೆದವಳು. ನನ್ನ ಗಂಡ ಕೊನೆಯ ಸಲ ಆಸ್ಪತ್ರೆ ಸೇರಿದಾಗ ಸ್ವಂತ ತಂಗಿ ಎರಡೇ ದಿನ ಇದ್ದು ಹೋದಳು. ಹದಿನೈದು ದಿನ ರಜೆ ಹಾಕಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತವಳು ಜಯಾ. ನಮ್ಮಲ್ಲಿ ಭೇದ ಇಲ್ಲ ಅಂತ ನಾನು ನೆಂಟರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹೇಳಿಕೊಳ್ಳುವುದರಲ್ಲಿ ನಾನು ಯಾವತ್ತೂ ಮುಂದು.

ಬಾತ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಅವಳ ಮಗಳು ನರ್ಸ್. ನಾವಿಬ್ಬರೂ ರಿಟೈರಾದ ಮೇಲೆ ಮಗಳು ಕರೆದಳು, ಜಯಾ ನನ್ನನ್ನು ಕರೆದಳು. "ಅವಳು ಡ್ಯೂಟಿಗೆ ಹೋದ್ರೆ ಜಗಳ ಆಡೋಕೆ ನಂಗ್ಯಾರಿರ್ತಾರೆ, ನೀನೂ ಬಂದ್ಬಿಡು" ಅಂದಳು. ನಾನು ಮಂಕಿ ಕ್ಯಾಪು, ಚಟ್ನಿಪುಡಿ, ಎರಡು ಬಗೆಯ ಬಾಮು ತುಂಬಿಕೊಂಡು ಹೊರಟೆ.

ಮೊದಲು ನೋಡಿದ್ದು ಅರ್ಧಚಂದ್ರನ ಹಾಗೆ ಬಾಗಿದ ಬೀದಿಯಲ್ಲಿದ್ದ ಹಳೆಯ ಶ್ರೀಮಂತರ ಮನೆ. ಈಗ ಅದೇ ಮ್ಯೂಸಿಯಂ. ಮೇಲಿನ ಕೋಣೆಗಳಲ್ಲಿ ಬಂಗಾರದ ಅಂಚಿನ ಪಿಂಗಾಣಿ, ಗೋಡೆ ತುಂಬ ಚಿತ್ರ. ಅರ್ಧ ಗಂಟೆ ನಾನು ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತೆ. ಜಯಾ ಹಿಂದಿನ ಮೆಟ್ಟಿಲಿಳಿದು ನೆಲಮಾಳಿಗೆಯ ಅಡುಗೆಮನೆಗೆ ಹೋಗಿದ್ದಳು.

"ಮೇಲೆ ಬರ್ಲೇ ಇಲ್ವಲ್ಲೇ, ಎಷ್ಟು ಚೆನ್ನಾಗಿದೆ" ಅಂದೆ.

"ಆಳುಗಳಿಗೆ ಮೆಟ್ಟಿಲೇ ಬೇರೆಯಂತೆ. ನಮ್ಮಮ್ಮ ಕಾಕ್ಸ್ ಟೌನ್ ಬಂಗಲೇಲಿ ಪಾತ್ರೆ ತಿಕ್ತಿದ್ಲಲ್ಲ, ಅವಳೂ ಹಿಂಬಾಗಿಲಿಂದಾನೇ ಹೋಗ್ತಿದ್ದಿದ್ದು."

"ಅಯ್ಯೋ, ಆ ಕಾಲ ಎಲ್ಲಿದೆ ಈಗ ಬಿಡು" ಅಂದೆ ನಾನು.

ಮಧ್ಯಾಹ್ನ ರೋಮನ್ನರ ಕೊಳ. ಹಸಿರು ನೀರಿನ ಮೇಲೆ ತೆಳ್ಳಗೆ ಹಬೆ, ಸುತ್ತ ಕಲ್ಲಿನ ಕಂಬಗಳು. ನೀರು ಮುಟ್ಟಬಾರದು ಅಂತ ಬೋರ್ಡು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಸೀಸದ ಸಣ್ಣ ತಗಡುಗಳನ್ನು ಇಟ್ಟಿದ್ದರು. ಬಟ್ಟೆಯೋ ಪಾತ್ರೆಯೋ ಕದ್ದುಹೋದವರು ಕಳ್ಳನಿಗೆ ಶಾಪ ಬರೆದು ದೇವಿಯ ಬುಗ್ಗೆಗೆ ಎಸೆಯುತ್ತಿದ್ದರಂತೆ. ಜಯಾ ಕನ್ನಡಕ ಸರಿಮಾಡಿಕೊಂಡು ಒಂದೊಂದರ ಇಂಗ್ಲಿಷ್ ಅನುವಾದವನ್ನೂ ಓದಿದಳು.

"ಬೈಯೋಕಾದ್ರೂ ಇವರನ್ನ ನೀರಿನ ಹತ್ರ ಬಿಡ್ತಿದ್ರು" ಅಂದಳು. "ನಮ್ಮೂರ ಕಲ್ಯಾಣಿ ಮೆಟ್ಟಿಲಿಗೆ ನಮ್ಮಮ್ಮ ಕಾಲಿಟ್ಟೋಳಲ್ಲ. ಅವಳ ಮಗಳು ನಾನು ಟಿಕೆಟ್ ತಗೊಂಡು ಇನ್ಯಾರದ್ದೋ ಕಲ್ಯಾಣಿ ನೋಡ್ತಿದೀನಿ."

ನಾನು ಅವಳ ಬೆನ್ನು ಸವರಿದೆ. ಕಣ್ಣಲ್ಲಿ ನೀರೂ ಬಂತು. ನನ್ನ ಒಳ್ಳೆಯತನಕ್ಕೆ ನಾನೇ ಕರಗಿದ್ದೆ ಅಂತ ಈಗ ತೋರುತ್ತದೆ.

ಹೊರಗೆ ಹೋಗುವ ದಾರಿಯಲ್ಲಿ ಒಂದು ನಲ್ಲಿ. ಬುಗ್ಗೆಯ ನೀರನ್ನೇ ಶುದ್ಧಮಾಡಿ ನೋಡಲು ಬಂದವರಿಗೆ ರುಚಿಗೆಂದು ಇಟ್ಟಿದ್ದರು. ಪೇಪರ್ ಲೋಟ ಒಂದೇ ಉಳಿದಿತ್ತು. ಜಯಾ ಅದರಲ್ಲಿ ಹಿಡಿದು, ಅರ್ಧ ಕುಡಿದು, ಮುಖ ಹಿಂಡಿ ನಕ್ಕಳು. "ತಗೋ, ಥೇಟ್ ನಮ್ಮ ಬೋರ್‌ವೆಲ್ಲೇ" ಅಂತ ನನ್ನ ಕೈಗೆ ಕೊಟ್ಟಳು.

ನಾನು ಲೋಟವನ್ನು ಮೇಲಕ್ಕೆತ್ತಿ, ತುಟಿಗೆ ತಾಗದ ಹಾಗೆ ಬಾಯಿಗೆ ಸುರಿದುಕೊಂಡೆ. ಗದ್ದದ ಮೇಲೆ ಸ್ವಲ್ಪ ಚೆಲ್ಲಿತು. ಆದದ್ದು ಇಷ್ಟೇ.

ಜಯಾಳ ನಗು ನಿಂತಿತು. ಒರೆಸಿಕೋ ಅಂತ ಕರ್ಚೀಫು ಕೊಟ್ಟಳು. ಹೊರಗೆ ಬಂದು ಚೌಕದ ಬೆಂಚಿನ ಮೇಲೆ ಕೂತೆವು.

"ನಿನ್ನೆ ಬಸ್ಸಲ್ಲಿ ನಿಂಗೆ ಕೆಮ್ಮು ಬಂದಾಗ ಆ ಬಿಳೀ ಅಜ್ಜಿ ತನ್ನ ಬಾಟ್ಲಿ ಕೊಟ್ಟಳಲ್ಲ, ಹೇಗೆ ಕುಡಿದೆ?" ಅಂತ ಕೇಳಿದಳು.

ಬಾಯಿಗಿಟ್ಟು ಕುಡಿದಿದ್ದೆ. ಎರಡು ಸಲ ಥ್ಯಾಂಕ್ಸ್ ಬೇರೆ ಹೇಳಿದ್ದೆ.

"ಅಭ್ಯಾಸ ಕಣೇ. ಮನೇಲಿ ಎಲ್ಲರ ಹತ್ರಾನೂ ಎತ್ತೇ ಕುಡಿಯೋದು."

"ಹೂಂ, ಅಭ್ಯಾಸಾನೇ. ನಿಮ್ಮನೆ ಹೂವಿನ ಕಪ್ಪೂ ಅಭ್ಯಾಸಾನೇ."

ಆ ಕಪ್ಪಿನ ವಿಷಯ ನಿಮಗೆ ಹೇಳಲೇಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟ. ಜಯಾ ಬಂದರೆ ಮಾತ್ರ ನೀಲಿ ಹೂವಿನ ಪಿಂಗಾಣಿ ಕಪ್ಪು. ಅದರ ಜಾಗ ಅಡುಗೆಮನೆಯಲ್ಲಲ್ಲ, ಬಚ್ಚಲ ಕಿಟಕಿಯಲ್ಲಿ. ಅಮ್ಮ ಮಾಡಿದ ಏರ್ಪಾಡು. "ಇದು ನಿಂಗೇ ಅಂತ ಸ್ಪೆಷಲ್" ಅಂತ ನಾನು ಜಯಾಗೆ ಹೇಳುತ್ತಿದ್ದೆ. ಹೇಳಿ ಹೇಳಿ ನಾನೇ ಅರ್ಧ ನಂಬಿದ್ದೆ. ಅಮ್ಮ ತೀರಿಕೊಂಡು ಕಾಲೋನಿ ಬಿಟ್ಟಾಗ ಕಪ್ಪು ನನ್ನ ಜೊತೆ ಫ್ಲ್ಯಾಟಿಗೆ ಬಂತು. ಆಮೇಲೂ ಜಯಾ ಬಂದಾಗೆಲ್ಲ ಅದರಲ್ಲೇ ಕಾಫಿ. ತಪ್ಪು ಹೊರಿಸಲು ಅಮ್ಮ ಇರಲಿಲ್ಲ. ಇದ್ದವಳು ನಾನೊಬ್ಬಳೇ.

"ಮೊದಲನೇ ದಿನಾನೇ ಗೊತ್ತಾಗಿತ್ತು" ಅಂದಳು. "ನಿಮ್ಮಮ್ಮ ಹೋದ್ಮೇಲೆ ಬದಲಾಗುತ್ತೆ ಅಂತ ಕಾದೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಕೆಲಸಾನೂ ನಂದೇನಾ?"

ಕೂಗಲಿಲ್ಲ, ಅಳಲಿಲ್ಲ. ಉಳಿದ ನಾಲ್ಕು ದಿನ ಮೊದಲೇ ಟಿಕೆಟ್ ತೆಗೆದಿದ್ದ ಮ್ಯೂಸಿಯಂಗಳನ್ನೆಲ್ಲ ನನಗೆ ತೋರಿಸಿದಳು. ರಸ್ತೆ ದಾಟುವಾಗ ಕೈ ಹಿಡಿದಳು. ವಿಮಾನದಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟಳು. ಬೆಂಗಳೂರಿಗೆ ಬಂದ ಮೇಲೆ ಫೋನ್ ಎತ್ತಲಿಲ್ಲ. ಒಂದು ದಿನ ಅವಳ ಮನೆಗೇ ಹೋದೆ. ಒಳಗೆ ಕೂರಿಸಿ, ಊಟ ಹಾಕಿ, ಬಾಗಿಲ ತನಕ ಬಂದು, "ಕೋಪ ಇಲ್ಲ ಕಣೇ, ಸುಸ್ತಾಗಿದೆ. ಇನ್ನು ಬರ್ಬೇಡ" ಅಂದಳು.

ಹೋದ ತಿಂಗಳು ಹಲಸೂರಿನ ಸಣ್ಣ ಹಾಲೊಂದರಲ್ಲಿ ನಮ್ಮ ಕಚೇರಿಯ ಪಿಂಚಣಿದಾರರ ಕೂಟ ಇತ್ತು. ಜಯಾ ಹಿಂದಿನ ಸಾಲಿನಲ್ಲಿದ್ದಳು. ಇಂಗ್ಲೆಂಡ್ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಯಾರೋ ನನಗೆ ಮೈಕು ಕೊಟ್ಟರು. ನಾನು ಲೋಟ, ಕಪ್ಪು, ಬೆಂಚು ಎಲ್ಲವನ್ನೂ ಹೇಳಿಬಿಟ್ಟೆ. ಹಾಲ್ ತುಂಬ ಚಪ್ಪಾಳೆ. ಒಬ್ಬರು ಎದ್ದು ಬಂದು, "ಇಷ್ಟು ಧೈರ್ಯ ಯಾರಿಗಿರುತ್ತೇರೀ" ಅಂತ ಕೈ ಕುಲುಕಿದರು. ನನಗೆ ಎದೆ ಹಗುರಾಗಿತ್ತು.

ಊಟದ ಸಾಲಿನಲ್ಲಿ ಜಯಾ ನನ್ನ ಪಕ್ಕಕ್ಕೆ ಬಂದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಕೆಲವರ ಕಣ್ಣಲ್ಲಿ ಕರುಣೆ.

"ಇಷ್ಟು ವರ್ಷ ಇವರಿಗೆಲ್ಲ ನಾನು ಬರೀ ಜಯಾ ಆಗಿದ್ದೆ" ಅಂದಳು. "ಹೇಳೋಕ್ಮುಂಚೆ ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಊಟ ಮಾಡದೆ ಬಸ್ಸಿಗೆ ಹೊರಟುಹೋದಳು.

ಈಗ ನಿಮಗೂ ಹೇಳಿದ್ದೇನೆ. ಅವಳ ಹೆಸರು ಜಯಾ ಅಲ್ಲ. ಅಷ್ಟು ಬದಲಾಯಿಸುವ ಬುದ್ಧಿ ಈಗ ಬಂದಿದೆ. ಈ ಸಲವೂ ಅವಳನ್ನು ಕೇಳಿಲ್ಲ.